ಸಹಾಯ ಬೇಕು: ಸಿಂಹಾಸನದ ಸಿಂಹದ ತಲೆ ನಾಲ್ಕಾರು ಪ್ರದರ್ಶನ ಬಾಳಬೇಕು
ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಕಡೆಯ ಸಣ್ಣ ನಾಟಕ ತಂಡ. ಪೌರಾಣಿಕ ನಾಟಕವೇ ಜಾಸ್ತಿ. ದುರ್ಯೋಧನನ ಸಿಂಹಾಸನಕ್ಕೆ ಎರಡು ಸಿಂಹದ ತಲೆ, ಭೀಮನಿಗೆ ಗದೆ ಮಾಡಬೇಕು.

ಹೋದ ವರ್ಷ ಥರ್ಮಾಕೋಲ್‌ನಲ್ಲಿ ಕೆತ್ತಿದ್ದೆವು. ಚಿನ್ನದ ಬಣ್ಣದ ಸ್ಪ್ರೇ ಹೊಡೆದ ತಕ್ಷಣ ಒಂದರ ಮೂತಿ ಕರಗಿ ಗುಳಿ ಬಿತ್ತು. ಇನ್ನೊಂದರ ಕಿವಿ ಟೆಂಪೋದಲ್ಲೇ ಮುರಿಯಿತು. ರಾತ್ರಿಯೆಲ್ಲ ಕೂತು ಕೆತ್ತಿದ ಹುಡುಗರ ಮುಖ ನೋಡಲು ಆಗಲಿಲ್ಲ.

ಈ ಸಲ ಥರ್ಮಾಕೋಲ್ ಮೇಲೆ ಹಳೇ ಹತ್ತಿ ಬಟ್ಟೆಯ ಪಟ್ಟಿಗಳನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಮೂರು ಪದರ ಅಂಟಿಸಿ, ಚೆನ್ನಾಗಿ ಒಣಗಿದ ಮೇಲೆ ಎಮಲ್ಷನ್ ಬಣ್ಣ ಹಚ್ಚೋಣ ಅಂದುಕೊಂಡಿದ್ದೇವೆ. ಮೂರು ಪದರ ಸಾಕಾ? ಕೊಪ್ಪಳ ಕಡೆಯ ಕಿನ್ನಾಳದ ಮರದ ಗೊಂಬೆ ಕಲಾವಿದರು ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು ಕಲಸಿ ಬಳಸುತ್ತಾರಲ್ವಾ, ಕೇಸರದ ಸುರುಳಿಗಳಿಗೆ ಅದು ಬಟ್ಟೆಯ ಮೇಲೆ ಹಿಡಿಯುತ್ತಾ? ಮಳೆಗಾಲದಲ್ಲಿ ಬೂಸ್ಟು, ಹುಳ ಬರದಂತೆ ಏನು ಸೇರಿಸಬೇಕು?

ಗದೆಯದ್ದೇ ದೊಡ್ಡ ಚಿಂತೆ. ನಮ್ಮ ಭೀಮ ಅದನ್ನು ನಿಜವಾಗಿಯೂ ನೆಲಕ್ಕೆ ಕುಟ್ಟುತ್ತಾನೆ. ಒಳಗೆ ಬಿದಿರು ಹಾಕಿದರೆ ಸೀಳುತ್ತೇನೋ, ಕಬ್ಬಿಣದ ಪೈಪ್ ಹಾಕಿದರೆ ಭಾರ. ಎದುರಿಗಿರುವವರಿಗೆ ತಗುಲಿದರೆ ಕಷ್ಟ.

ಕೈಯಾರೆ ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಪ್ರದರ್ಶನಕ್ಕೆ ಐದು ವಾರ ಇದೆ.