ಮನಸ್ಸಲ್ಲೇ ಆಕೃತಿ ತಿರುಗಿಸುವುದರಲ್ಲಿ ಹುಡುಗರೇ ಮುಂದಾ?

ಪ್ರಶ್ನೆ: ಘನಗಳ ಚಿತ್ರವನ್ನು ಮನಸ್ಸಲ್ಲೇ ತಿರುಗಿಸಿ ಹೊಂದಿಸುವ ಪರೀಕ್ಷೆ ಇದೆಯಲ್ಲ, ತಮ್ಮ ನನಗಿಂತ ಬೇಗ ಮುಗಿಸಿದ. ಆದರೆ ಕತ್ತರಿ ಎಲ್ಲಿದೆ ಅಂತ ಅವನು ಕೇಳುವುದು ನನ್ನನ್ನೇ! ಇದು ಹುಟ್ಟಿನಿಂದ ಬಂದದ್ದಾ?

ಉತ್ತರ 1: ಸರಾಸರಿ ನೋಡಿದರೆ ಎರಡೂ ನಿಜ. ತಿರುಗಿಸುವ ಪರೀಕ್ಷೆಯಲ್ಲಿ ಗಂಡಸರ ಅಂಕ ಜಾಸ್ತಿ. ಯಾವ ವಸ್ತು ಎಲ್ಲಿತ್ತು, ಪಟ್ಟಿಯಲ್ಲಿ ಯಾವ ಪದಗಳಿದ್ದವು ಎಂಬ ನೆನಪಿನಲ್ಲಿ ಹೆಂಗಸರು ಸ್ವಲ್ಪ ಮುಂದೆ. ಆದರೆ ಸಮಯದ ಮಿತಿ ತೆಗೆದರೆ ತಿರುಗಿಸುವ ಪರೀಕ್ಷೆಯ ಅಂತರ ಕುಗ್ಗುತ್ತದೆ. ನಾನು ತರಗತಿಯಲ್ಲಿ ಮಾಡಿಸಿದಾಗ ಹುಡುಗಿಯರು ಉತ್ತರ ಗೊತ್ತಿದ್ದರೂ ಬೆರಳಿಟ್ಟು ಮತ್ತೊಮ್ಮೆ ನೋಡುತ್ತಿದ್ದರು.

ಉತ್ತರ 2: ಸುಮ್ನೆ ಹುಟ್ಟಿನ ಮೇಲೆ ಹಾಕಬೇಡಿ. 2007ರ ಒಂದು ಅಧ್ಯಯನದಲ್ಲಿ 10 ಗಂಟೆ ಆಕ್ಷನ್ ಗೇಮ್ ಆಡಿಸಿದ ಮೇಲೆ ಅಂತರ ಕಡಿಮೆಯಾಗಿತ್ತು. ನಿಮ್ಮ ತಮ್ಮ ಗೇಮ್ ಆಡ್ತಾನಾ?

ಪ್ರಶ್ನೆ ಕೇಳಿದವರು: ರಾತ್ರಿಯೆಲ್ಲ ಅದೇ ಕೆಲಸ!