ಸಣ್ಣ ಸ್ಕೇಲಿನ ಉಗಿ ಶಂಟಿಂಗ್ ಎಂಜಿನ್: ಅಸಲಿಯಂತೆ ಮಾಡಿದವರು ಅನುಭವ ಹೇಳಿ

ಕೋಡಿಬಾಗ, ಕಾರವಾರ:

ನಮಸ್ಕಾರ. ಆರಡಿ ಉದ್ದ, ಒಂದಡಿ ಅಗಲದ ಹಲಗೆ ಮೇಲೆ ಎಚ್‌ಒ ಸ್ಕೇಲಿನ (ಅಸಲಿಯ 87ನೇ ಒಂದು ಪಾಲು) ಮಾಡೆಲ್ ರೈಲಿನ ಸಣ್ಣ ಯಾರ್ಡ್ ಕಟ್ಟುತ್ತಿದ್ದೇನೆ. ಎಂಜಿನ್ ಅಮೆರಿಕದ್ದು, ಯುಎಸ್‌ಆರ್‌ಎ ಡಿಸೈನಿನ 0-6-0. ಅಂದ್ರೆ ಆರು ಗಾಲಿಯ ಶಂಟರ್ (ಯಾರ್ಡಿನಲ್ಲಿ ವ್ಯಾಗನ್ ದೂಡಿ, ಎಳೆದು ಜೋಡಿಸುವ ಎಂಜಿನ್), ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರ್. ಸೆಕೆಂಡ್ ಹ್ಯಾಂಡ್ ತಗೊಂಡದ್ದು. ನಿಲ್ಲಿಸಿಟ್ಟರೆ ಚೆಂದ ಕಾಣುತ್ತದೆ, ಓಡಿಸಿದರೆ ಆಟಿಕೆ. ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಮೇಲೆ ಬಂದ ಕೂಡಲೇ ನಿಲ್ಲುತ್ತದೆ, ಬೆರಳಲ್ಲಿ ದೂಡಿದರೆ ಚಂಗನೆ ಹಾರಿ ವ್ಯಾಗನ್‌ಗೆ ಗುದ್ದುತ್ತದೆ. ಇದನ್ನು ಅಸಲಿ ಎಂಜಿನ್ ಹತ್ತಿರಕ್ಕೆ ತರಬೇಕಾದರೆ ಎಲ್ಲಿಂದ ಶುರು ಮಾಡಲಿ? ಡೀಟೇಲ್ ಪಾರ್ಟ್ಸ್‌ಗೆ ದುಡ್ಡು ಹಾಕಲಾ, ಡಿಕೋಡರ್‌ಗೆ (ಎಂಜಿನ್ ಒಳಗೆ ಕೂತು ಮೋಟಾರು ನಡೆಸುವ ಚಿಪ್) ಹಾಕಲಾ, ಇಲ್ಲಾ ಇದನ್ನು ಮಾರಿ ಇನ್ನೂ ಸಣ್ಣ ಎನ್ ಸ್ಕೇಲಿಗೆ ಹೋಗಲಾ? ನಮ್ಮೂರಿಗೆ ರೈಲು ಬಂದದ್ದೇ ಡೀಸೆಲ್ ಕಾಲದಲ್ಲಿ. ಉಗಿ ಎಂಜಿನ್ ಶಂಟಿಂಗ್ ಮಾಡಿದ್ದನ್ನು ಕಂಡವರು ನಮ್ಮ ಮನೆಯಲ್ಲಂತೂ ಯಾರೂ ಇಲ್ಲ.

ಶಿರಸಿ:

ನಿಮ್ಮೂರಿಗೆ ಡೀಸೆಲ್ಲಾದರೂ ಬಂತು, ನಮ್ಮೂರಿಗೆ ರೈಲೇ ಬರಲಿಲ್ಲ! ಇರಲಿ.

ದುಡ್ಡು ಹಾಕುವ ಮೊದಲು ಮೊಬೈಲಿನ ಸ್ಟಾಪ್‌ವಾಚ್ ತೆಗೆಯಿರಿ. ಹಳಿ ಪಕ್ಕ ಒಂದು ಮೀಟರ್ ದೂರಕ್ಕೆ ಎರಡು ಗುರುತು ಹಾಕಿ. ಯಾರ್ಡಿನಲ್ಲಿ ವ್ಯಾಗನ್ ಎಳೆದುಕೊಂಡು ಓಡಾಡುವ ಶಂಟರ್‌ಗೆ ಗಂಟೆಗೆ 8 ಕಿಲೋಮೀಟರ್ ಅಂದ್ರೆ ಹದವಾದ ವೇಗ. ಎಚ್‌ಒ ಅಂದ್ರೆ 1:87. ಲೆಕ್ಕ ಹಾಕಿದರೆ ಆ ಒಂದು ಮೀಟರ್ ದಾಟಲು 39 ಸೆಕೆಂಡ್ ಹಿಡಿಯಬೇಕು. ವ್ಯಾಗನ್‌ಗೆ ಜೋಡಿಸಲು ಹೋಗುವಾಗ ಅದರ ಅರ್ಧ ವೇಗ, 78 ಸೆಕೆಂಡ್. ಈಗ ನಿಮ್ಮದು ಮೂರ್ನಾಲ್ಕು ಸೆಕೆಂಡಿನಲ್ಲಿ ದಾಟುತ್ತಿದೆ ಅಂತಾದರೆ ಅದು ಗಂಟೆಗೆ ಎಂಬತ್ತರಿಂದ ನೂರು ಕಿಲೋಮೀಟರ್ ಆಯಿತು. ಆ ವೇಗಕ್ಕೆ ನೀವು ಎಷ್ಟು ರಿವೆಟ್ ಅಂಟಿಸಿದರೂ ಅದು ಶಂಟರ್ ಆಗುವುದಿಲ್ಲ ಮಾರಾಯ್ರೇ. ಮೇನ್ ಲೈನ್ ಎಂಜಿನ್ ಜೋರಾಗಿ ಹೋದರೆ ತಪ್ಪುಗಳು ಮುಚ್ಚಿಹೋಗುತ್ತವೆ. ಶಂಟರ್‌ಗೆ ಆ ಸೌಲಭ್ಯ ಇಲ್ಲ, ಅದರ ಕೆಲಸವೇ ಕಣ್ಣೆದುರು ನಿಧಾನ ಹೋಗುವುದು.

ನಿಧಾನ ಮಾಡುವುದು ಹೇಗೆ ಅಂದ್ರೆ, ಮೊದಲು ಬಿಚ್ಚಿ. ಸೆಕೆಂಡ್ ಹ್ಯಾಂಡ್ ಎಂಜಿನ್‌ಗಳಲ್ಲಿ ಗ್ರೀಸ್ ತಳ ಹಿಡಿದ ಜೋನಿ ಬೆಲ್ಲದ ಹಾಗೆ ಗಟ್ಟಿಯಾಗಿರುತ್ತದೆ. ಪೂರ್ತಿ ತೊಳೆದು ಪ್ಲಾಸ್ಟಿಕ್‌ಗೆ ಹಾನಿ ಮಾಡದ ಎಣ್ಣೆ ಸೂಜಿ ತುದಿಯಲ್ಲಿ ಇಷ್ಟೇ ಇಷ್ಟು ಹಾಕಿ. ಆಮೇಲೆ ಮೋಟಾರು, ವರ್ಮ್ ಗೇರ್ ಎರಡನ್ನೂ ತೆಗೆದಿಟ್ಟು, ಬರೀ ಚಾಸಿಯನ್ನು ಗಾಲಿ ಮತ್ತು ಅವನ್ನು ಜೋಡಿಸುವ ರಾಡ್ ಸಮೇತ ಒಂದು ಹಳಿ ತುಂಡಿನ ಮೇಲಿಟ್ಟು ಹಲಗೆ ಓರೆ ಮಾಡಿ. ತಾನಾಗಿ ಜಾರಿ ಹೋಗಬೇಕು. ಒಂದು ಸುತ್ತಿಗೆ ಒಂದು ಸಲ ಎಡವುತ್ತಿದ್ದರೆ ಕ್ವಾರ್ಟರಿಂಗ್ (ಎಡ-ಬಲ ಗಾಲಿಗಳ ಕೋನದ ಹೊಂದಿಕೆ) ಕೆಟ್ಟಿದೆ ಅಂತ ಅರ್ಥ. ಎರಡು ಸಿಲಿಂಡರಿನ ಎಂಜಿನ್‌ನಲ್ಲಿ ಎಡಗಡೆ ಕ್ರ್ಯಾಂಕ್‌ಗೂ ಬಲಗಡೆ ಕ್ರ್ಯಾಂಕ್‌ಗೂ 90 ಡಿಗ್ರಿ ವ್ಯತ್ಯಾಸ ಇರುತ್ತದೆ, ಇಲ್ಲದಿದ್ದರೆ ಎರಡೂ ಒಟ್ಟಿಗೆ ಡೆಡ್ ಸೆಂಟರ್‌ನಲ್ಲಿ (ಪಿಸ್ಟನ್ ತುದಿಗೆ ಬಂದು ಗಾಲಿ ತಿರುಗಿಸಲಾಗದ ಜಾಗ) ಸಿಕ್ಕಿಕೊಂಡು ಅಸಲಿ ಎಂಜಿನ್ ಹೊರಡುವುದೇ ಇಲ್ಲ. ಮಾಡೆಲ್‌ನಲ್ಲಿ ಆ ಡಿಗ್ರಿಗಿಂತ ಮುಖ್ಯ, ಮೂರೂ ಆ್ಯಕ್ಸಲ್‌ಗಳಲ್ಲಿ ವ್ಯತ್ಯಾಸ ಒಂದೇ ಇರುವುದು. ಒಂದು ಗಾಲಿ ಕೂದಲೆಳೆ ತಿರುಗಿದ್ದರೂ ರಾಡ್ ಹಿಡಿಯುತ್ತದೆ.

ಇದೆಲ್ಲ ಸರಿಯಾದ ಮೇಲೆ ಡಿಕೋಡರ್. ಸಿವಿ ಅಂದ್ರೆ ಅದರ ಸೆಟ್ಟಿಂಗ್ ನಂಬರ್. ಸಿವಿ 2 ಹೊರಡುವ ವೋಲ್ಟೇಜ್, ಸಿವಿ 5 ಗರಿಷ್ಠ, ಸಿವಿ 6 ಮಧ್ಯದ್ದು. ಸಿವಿ 5 ಅನ್ನು ಧೈರ್ಯವಾಗಿ ಇಳಿಸಿ. ಶಂಟರ್‌ಗೆ ಜೋರು ಓಟ ಬೇಕಾಗಿಲ್ಲ, ಇಳಿಸಿದಷ್ಟೂ ನಾಬ್‌ನ ಪೂರ್ತಿ ಸುತ್ತು ನಿಧಾನ ಓಟಕ್ಕೇ ಸಿಗುತ್ತದೆ. ಸಿವಿ 3, 4 ವೇಗ ಏರುವ, ಇಳಿಯುವ ಹದ. ಸಿವಿ 4 ಅತಿ ಮಾಡಬೇಡಿ, ಬ್ರೇಕ್ ಹಿಡಿಯದ ಬಸ್ಸಿನಲ್ಲಿ ಕೂತಷ್ಟು ಭಯ ಆಗುತ್ತದೆ.

ಹೊನ್ನಾವರ:

ಶಿರಸಿಯವರ ಮಾತಿಗೆ ಸ್ವಲ್ಪ ತಕರಾರು. ಲೆಕ್ಕ ಸರಿ, ಆದರೆ ಕರೆಂಟೇ ಸಿಗದ ಎಂಜಿನ್‌ಗೆ ಸಿವಿ ತಿದ್ದಿ ಏನು ಪ್ರಯೋಜನ? ಪಾಯಿಂಟ್ ಮೇಲೆ ನಿಲ್ಲುತ್ತದೆ ಅಂತ ಅವರೇ ಬರೆದಿದ್ದಾರಲ್ಲ, ಅಲ್ಲಿಂದಲೇ ಶುರು ಮಾಡಬೇಕು.

ಈ ಎಂಜಿನ್‌ನ ಮೊದಲ ಗಾಲಿಯಿಂದ ಕೊನೇ ಗಾಲಿಗೆ ನಾಲ್ಕು ಸೆಂಟಿಮೀಟರೂ ಇಲ್ಲ. ಪಾಯಿಂಟಿನಲ್ಲಿ ಎರಡು ಹಳಿ ಕತ್ತರಿಸುವ ಜಾಗ ಇದೆಯಲ್ಲ, ಫ್ರಾಗ್, ಅದು ಪ್ಲಾಸ್ಟಿಕ್ಕಿನದ್ದಾದರೆ ಅಷ್ಟು ದೂರ ಒಂದು ಕಡೆಯ ಗಾಲಿಗಳಿಗೆ ಕರೆಂಟ್ ಇಲ್ಲ. ಉದ್ದದ ಎಂಜಿನ್ ದಾಟಿಬಿಡುತ್ತದೆ, ಶಂಟರ್ ಸಿಕ್ಕಿಬೀಳುತ್ತದೆ. ಮಲ್ಟಿಮೀಟರ್ ಹಿಡಿದು ಯಾವ ಯಾವ ಗಾಲಿ ಕರೆಂಟ್ ತಗೊಳ್ಳುತ್ತಿದೆ ಅಂತ ಒಂದೊಂದೇ ನೋಡಿ. ಯಾವುದಾದರೂ ಗಾಲಿಗೆ ರಬ್ಬರ್ ಟೈರ್ ಇದ್ದರೆ ಆ ಗಾಲಿ ಲೆಕ್ಕಕ್ಕಿಲ್ಲ. ಟೆಂಡರ್ ಗಾಲಿಗಳಿಗೂ ಫಾಸ್ಫರ್ ಬ್ರಾಂಝ್ ತಂತಿ ತಾಗಿಸಿ ಅಲ್ಲಿಂದ ಎಂಜಿನ್‌ಗೆ ತೆಳು ವೈರ್ ಎಳೆಯಿರಿ. ಅರ್ಧ ರೋಗ ಅಲ್ಲೇ ವಾಸಿ.

ಪಾಯಿಂಟ್ ಹೊಸದಾಗಿ ತಗೊಳ್ಳುವುದಾದರೆ ಲೋಹದ ಫ್ರಾಗ್ ಇರುವುದನ್ನೇ ತಗೊಳ್ಳಿ. ದುಬಾರಿ ಪಾಯಿಂಟ್ ಮೋಟಾರ್ ಬೇಡ. ಎಲೆಕ್ಟ್ರಾನಿಕ್ಸ್ ಅಂಗಡಿಯ ಸ್ಲೈಡ್ ಸ್ವಿಚ್ ಸಾಕು. ಅದರ ಗುಂಡಿಗೆ ಗಟ್ಟಿ ತಂತಿ ಕಟ್ಟಿ ಪಾಯಿಂಟಿನ ಅಡ್ಡಪಟ್ಟಿಗೆ ಸಿಕ್ಕಿಸಿದರೆ, ಹಳಿ ಸರಿಯುವುದೂ ಫ್ರಾಗ್‌ನ ಧ್ರುವ ಬದಲಾಗುವುದೂ ಒಂದೇ ಸಲ ತಳ್ಳಿದರೆ ಆಗುತ್ತದೆ. ಇಷ್ಟಾದ ಮೇಲೂ ತಡವರಿಸಿದರೆ ಡಿಕೋಡರ್ ಜೊತೆ ಕೀಪ್-ಅಲೈವ್ ಕೆಪಾಸಿಟರ್ (ಹಳಿಯ ಕರೆಂಟ್ ತಪ್ಪಿದ ಕ್ಷಣಕ್ಕೆ ಕೂಡಿಟ್ಟ ಕರೆಂಟ್ ಕೊಡುವಂಥದ್ದು) ಹಾಕಿ.

ಇನ್ನು ನಮ್ಮ ಕಡಲಗಾಳಿ. ಉಕ್ಕಿನ ಹಳಿ ಇದ್ದರೆ ಮಳೆಗಾಲದಲ್ಲಿ ತುಕ್ಕು ಗ್ಯಾರಂಟಿ. ಹಿತ್ತಾಳೆಯದ್ದು ಕಪ್ಪಾಗಿ ಕರೆಂಟ್ ತಡೆಯುತ್ತದೆ. ನಿಕಲ್ ಸಿಲ್ವರ್ ಹಾಕಿ (ಅದರಲ್ಲಿ ಬೆಳ್ಳಿ ಇಲ್ಲ, ತಾಮ್ರ, ನಿಕಲ್, ಸತು ಅಷ್ಟೇ). ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್. ಮರಳು ಕಾಗದ ಮುಟ್ಟಿಸಬೇಡಿ, ಗೀರಿನಲ್ಲೇ ಮತ್ತೆ ಕೊಳೆ ಕೂರುತ್ತದೆ. ಪ್ಲೈವುಡ್‌ಗೆ ಅಡಿಗೂ ಅಂಚಿಗೂ ವಾರ್ನಿಷ್ ಹೊಡೆಯಿರಿ, ಸುಮ್ನೆ ಮೇಲೆ ಮಾತ್ರ ಹೊಡೆದರೆ ಆಷಾಢದಲ್ಲಿ ಹಲಗೆ ಸೊಟ್ಟ.

ಕುಮಟಾ:

ಓಟದ ಬಗ್ಗೆ ಇಬ್ಬರೂ ಹೇಳಿದರು, ನಾನು ರೂಪದ ಬಗ್ಗೆ ಹೇಳುತ್ತೇನೆ. ಪ್ರತಿ ಭಾಗ ನೋಡುವಾಗಲೂ ಇದು ಯಾಕೆ ಹೀಗಿದೆ ಅಂತ ಕೇಳಿಕೊಳ್ಳಿ. ಮುಂದೆ ಸಣ್ಣ ಗಾಲಿ ಇಲ್ಲ, ಯಾಕಂದ್ರೆ ಎಂಜಿನ್‌ನ ಭಾರ ಪೂರ್ತಿ ಎಳೆಯುವ ಗಾಲಿಗಳ ಮೇಲೇ ಬೀಳಬೇಕು. ಜೋರಾಗಿ ಓಡುವ ಪ್ರಶ್ನೆ ಇಲ್ಲದ ಕಾರಣ ದಾರಿ ತೋರುವ ಗಾಲಿ ಬೇಕಾಗಿಲ್ಲ. ಎಳೆಯುವ ಗಾಲಿಯೂ ಚಿಕ್ಕದು, ಯುಎಸ್‌ಆರ್‌ಎ 0-6-0ದ್ದು 51 ಇಂಚು. ಎಚ್‌ಒದಲ್ಲಿ ಅದು 14.9 ಮಿಲಿಮೀಟರ್. ಕ್ಯಾಲಿಪರ್ ಹಿಡಿದು ಅಳೆಯಿರಿ, ಅಗ್ಗದ ಮಾಡೆಲ್‌ಗಳಲ್ಲಿ ಇಲ್ಲೇ ಮೊದಲು ಬಣ್ಣ ಬಯಲಾಗುವುದು. ಗಾಲಿಯ ಅಗಲ ಮಾತ್ರ ರಾಜಿ ಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಸಿಗುವ ಕೋಡ್ 110 ಗಾಲಿ 2.8 ಮಿಲಿಮೀಟರ್ ಅಗಲ, ಅಸಲಿ ಅಳತೆಗೆ ಹಿಗ್ಗಿಸಿದರೆ ಒಂಬತ್ತೂವರೆ ಇಂಚು. ನಿಜವಾದ ಗಾಲಿ ಆರು ಇಂಚಿನೊಳಗೆ. ತೆಳು ಗಾಲಿ ಹಾಕಬಹುದು, ಆದರೆ ಆಗ ಹಳಿಯೂ ಅಷ್ಟೇ ನಿಖರ ಇರಬೇಕು.

ಹಿಂದಕ್ಕೆ ಇಳಿಜಾರಾದ ಟೆಂಡರ್ ನೋಡಿರ್ತೀರಿ. ಶಂಟರ್ ಹಿಂದೆ ಹೋಗುವುದೂ ಮುಂದೆ ಹೋಗುವಷ್ಟೇ ಜಾಸ್ತಿ, ಡ್ರೈವರ್‌ಗೆ ಹಿಂದಿನ ವ್ಯಾಗನ್ ಕಾಣಬೇಕು, ಅದಕ್ಕೇ ಆ ಇಳಿಜಾರು. ಪೆನ್ಸಿಲ್ವೇನಿಯಾ ರೈಲ್‌ರೋಡ್‌ನ ಬಿ6 ಶಂಟರ್‌ಗಳಿಗೆ ಅದೇ ಗುರುತು. ಹಾಗಂತ ಎಲ್ಲ ಕಂಪನಿಯವರೂ ಅದನ್ನು ಬಳಸಲಿಲ್ಲ, ಚೌಕದ ಟೆಂಡರ್ ಇಟ್ಟವರೂ ಇದ್ದರು. ಯುಎಸ್‌ಆರ್‌ಎ ಅಂದ್ರೆ ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕ ಸರಕಾರ ರೈಲ್ವೆಗಳನ್ನು ಕೈಗೆ ತಗೊಂಡಾಗ ಮಾಡಿಸಿದ ಒಂದೇ ನಮೂನೆಯ ಡಿಸೈನ್. 255 ಕಟ್ಟಿ ಬೇರೆ ಬೇರೆ ಕಂಪನಿಗಳಿಗೆ ಹಂಚಿದರು, ಆಮೇಲೆ ಒಬ್ಬೊಬ್ಬರು ಒಂದೊಂದು ರೀತಿ ಬದಲಿಸಿಕೊಂಡರು. ಹಾಗಾಗಿ ಕ್ಯಾಬ್ (ಡ್ರೈವರ್ ಕೋಣೆ) ಮೇಲೆ ಯಾವ ಕಂಪನಿಯ ಹೆಸರು, ಯಾವ ನಂಬರ್ ಇದೆಯೋ ಆ ಎಂಜಿನ್‌ನ ಫೋಟೋ ಹುಡುಕಿ. ಸಿಕ್ಕ ಸಿಕ್ಕ ಪಾರ್ಟ್ ತಂದು ಅಂಟಿಸಬೇಡಿ.

ನಾನಾದರೆ ದುಡ್ಡು ಹಾಕುವುದು ಎರಡಕ್ಕೇ. ಒಂದು ಹ್ಯಾಂಡ್‌ರೇಲ್. ಅಚ್ಚಿನಲ್ಲೇ ಬಂದ ಪ್ಲಾಸ್ಟಿಕ್ ಕಂಬಿ 0.7 ಮಿಲಿಮೀಟರ್ ಇದ್ದರೆ ಅಸಲಿ ಅಳತೆಯಲ್ಲಿ ಅದು 6 ಸೆಂಟಿಮೀಟರ್ ದಪ್ಪದ ಪೈಪ್, ಯಾರ ಮುಷ್ಟಿಗೆ ಸಿಗುತ್ತದೆ? ಕೆತ್ತಿ ತೆಗೆದು 0.3 ಮಿಲಿಮೀಟರ್ ಹಿತ್ತಾಳೆ ತಂತಿ ಹಾಕಿ. ಇನ್ನೊಂದು ಫುಟ್‌ಬೋರ್ಡ್. ಮುಂದೂ ಹಿಂದೂ ಬಂಪರ್ ಕೆಳಗೆ ಶಂಟಿಂಗ್ ಆಳುಗಳು ನಿಲ್ಲುತ್ತಿದ್ದ ಮರದ ಮೆಟ್ಟಿಲು ಅದು. ಹಳಿಗೆ ಹತ್ತಿರ ಇರಬೇಕು, ಮಾಡೆಲ್‌ನಲ್ಲಿ ಎಷ್ಟೋ ಸಲ ಜಾಸ್ತಿ ಮೇಲಿರುತ್ತದೆ.

ಬಣ್ಣದ ಬಗ್ಗೆ: ಬಂದರಿನ ಹಳೇ ದೋಣಿಯ ಹಾಗೆ ತುಕ್ಕು ಬಳಿಯಬೇಡಿ. ದಿನಾ ದುಡಿಯುವ ಎಂಜಿನ್‌ಗೆ ಮಸಿ, ಎಣ್ಣೆ, ಬೂದಿ ಇರುತ್ತದೆ, ತುಕ್ಕು ಕಮ್ಮಿ. ಸೇಫ್ಟಿ ವಾಲ್ವ್ ಕೆಳಗೆ, ಬಾಯ್ಲರ್ ತೊಳೆಯುವ ಪ್ಲಗ್‌ಗಳ ಕೆಳಗೆ ಗಡಸು ನೀರಿನ ಬಿಳಿ ಗೆರೆ ಇಳಿದಿರುತ್ತದೆ. ಫುಟ್‌ಬೋರ್ಡ್ ನಡುಭಾಗ ಬೂಟು ತಿಕ್ಕಿ ಬಣ್ಣ ಹೋಗಿ ಮರ ಕಾಣುತ್ತದೆ. ಕ್ಯಾಬ್ ಪಕ್ಕದ ಕಂಬಿ ಮಾತ್ರ ಕೈ ಹಿಡಿದು ಹಿಡಿದು ಹೊಳೆಯುತ್ತದೆ. ಅದಕ್ಕೆ ಪೆನ್ಸಿಲ್ ಸೀಸ ಉಜ್ಜಿದರೆ ಸಾಕು.

ದಾಂಡೇಲಿ:

ಎಲ್ಲ ಅಮೆರಿಕದ್ದೇ ಆಯಿತಲ್ಲ! ನಮ್ಮ ಜಿಲ್ಲೆಯಲ್ಲೇ ಕ್ಯಾಸಲ್‌ರಾಕ್ ಇದೆ, 1 in 37 (37 ಅಡಿಗೆ ಒಂದಡಿ) ಇಳಿಜಾರಿನ ಘಾಟಿ ಶುರುವಾಗುವುದೇ ಅಲ್ಲಿಂದ, ತೊಂಬತ್ತರ ದಶಕದವರೆಗೂ ಮೀಟರ್ ಗೇಜ್. ಅದನ್ನು ಮಾಡುವುದಾದರೆ ಎಚ್‌ಒ ಸ್ಕೇಲಿಗೆ 12 ಮಿಲಿಮೀಟರ್ ಹಳಿ ಬೇಕು, ಎಚ್‌ಒಎಂ ಅಂತಾರೆ. ನಮ್ಮ ಬ್ರಾಡ್ ಗೇಜ್ ಇನ್ನೂ ತಲೆನೋವು. 1676 ಮಿಲಿಮೀಟರನ್ನು 87ರಿಂದ ಭಾಗಿಸಿದರೆ 19.3, ಸಿಗುವ ಹಳಿ 16.5. ಭಾರತದ ಎಂಜಿನ್ ಅದರ ಮೇಲೆ ಇಟ್ಟರೆ ಮುಂದಿನಿಂದ ನೋಡಿದಾಗ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ನಮ್ಮಲ್ಲಿ ಶಂಟಿಂಗ್‌ಗೆ ಅಂತಲೇ ಕಟ್ಟಿದ ಎಂಜಿನ್ ಇಲ್ಲದ ಯಾರ್ಡ್‌ಗಳಲ್ಲಿ ಮೇನ್ ಲೈನ್‌ನಿಂದ ಇಳಿಸಿದ ಹಳೇ ಎಂಜಿನ್‌ಗಳೇ ಆ ಕೆಲಸ ಮಾಡುತ್ತಿದ್ದವು. ಹಾಗಾಗಿ ಭಾರತದ ಯಾರ್ಡ್‌ನಲ್ಲಿ ದೊಡ್ಡ ಎಂಜಿನ್ ಶಂಟಿಂಗ್ ಮಾಡಿದರೂ ತಪ್ಪಲ್ಲ. ಅಳತೆ ಬೇಕಾದರೆ ಮೈಸೂರು ರೈಲ್ವೆ ಮ್ಯೂಸಿಯಂಗೆ ಟೇಪ್ ಹಿಡಿದು ಹೋಗಿ. ಡ್ರಾಯಿಂಗ್‌ನಲ್ಲಿ ಸಿಗದ ಪೈಪ್, ಬ್ರಾಕೆಟ್ ಎಲ್ಲ ಹತ್ತಿರದಿಂದ ಕಾಣುತ್ತದೆ.

ಕೋಡಿಬಾಗ, ಕಾರವಾರ:

ಎಲ್ಲರಿಗೂ ಧನ್ಯವಾದ. ಮೀಟರ್ ಹಿಡಿದು ನೋಡಿದೆ. ಆರರಲ್ಲಿ ನಾಲ್ಕು ಗಾಲಿ ಮಾತ್ರ ಕರೆಂಟ್ ತಗೊಳ್ಳುತ್ತಿವೆ, ಟೆಂಡರ್ ಪೂರ್ತಿ ಸತ್ತಿದೆ. ಅದನ್ನೇ ಮೊದಲು ಮಾಡುತ್ತೇನೆ. ಎನ್ ಸ್ಕೇಲ್ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ಎಂಜಿನ್ ಹಗುರ ಅನಿಸುತ್ತದೆ, ಏನು ತುಂಬಲಿ? ಸೌಂಡ್ ಡಿಕೋಡರ್ ಹಾಕುವುದು ಸುಮ್ನೆ ಖರ್ಚಾ?

ಹೊನ್ನಾವರ:

ಭಾರಕ್ಕೆ ನಿಮ್ಮೂರಿನ ಮೀನು ಮಾರ್ಕೆಟ್ ಪಕ್ಕದ ಬಲೆ ಅಂಗಡಿಯಲ್ಲೇ ಮದ್ದಿದೆ. ಬಲೆಗೆ ಕಟ್ಟುವ ಸೀಸದ ಗುಂಡು ತಂದು ತಟ್ಟಿ ಬಾಯ್ಲರ್ ಒಳಗೆ ತುಂಬಿ. ಭಾರದ ನಡು ಮಧ್ಯದ ಆ್ಯಕ್ಸಲ್ ಮೇಲೆ ಬರಬೇಕು, ಮುಂದಕ್ಕೆ ವಾಲಿದರೆ ಹಿಂದಿನ ಗಾಲಿ ಕರೆಂಟ್ ಬಿಡುತ್ತದೆ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ. ವ್ಯಾಗನ್‌ಗಳಿಗೂ ಭಾರ ಬೇಕು, ಆರು ಇಂಚಿನ ವ್ಯಾಗನ್ ಸುಮಾರು 113 ಗ್ರಾಂ ಇರಲಿ. ಹಗುರ ಇದ್ದರೆ ಕಪ್ಲರ್ (ಜೋಡಿಸುವ ಕೊಕ್ಕೆ) ಸೇರುವ ಬದಲು ವ್ಯಾಗನ್ ಓಡಿಹೋಗುತ್ತದೆ.

ಶಿರಸಿ:

ಎನ್‌ಗೆ ಹೋಗಬೇಡಿ. 1:160ರಲ್ಲಿ ಅದೇ 51 ಇಂಚಿನ ಗಾಲಿ 8 ಮಿಲಿಮೀಟರ್, ಒಂದು ಮೀಟರ್ ದಾಟಲು 72 ಸೆಕೆಂಡ್ ಹಿಡಿಯಬೇಕು, ಭಾರ ಇನ್ನೂ ಕಮ್ಮಿ. ಈಗಿರುವ ಕಷ್ಟಗಳೆಲ್ಲ ಅಲ್ಲಿ ದುಪ್ಪಟ್ಟು. ನಿಮ್ಮ ಆರಡಿಗೆ ಇಂಗಲ್‌ನೂಕ್ ಎಂಬ ಶಂಟಿಂಗ್ ಆಟದ ನಕ್ಷೆ ಬಿಗಿಯಾಗಿ ಕೂರುತ್ತದೆ. ಮೂರು ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಹಳಿ), ಒಂದರಲ್ಲಿ 5 ವ್ಯಾಗನ್‌ಗೆ ಜಾಗ, ಉಳಿದೆರಡರಲ್ಲಿ ಮೂರು ಮೂರಕ್ಕೆ. ಎಂಟು ವ್ಯಾಗನ್‌ಗಳಿಂದ ಚೀಟಿ ಎತ್ತಿ ಐದನ್ನು ಚೀಟಿ ಬಂದ ಕ್ರಮಕ್ಕೇ ಜೋಡಿಸಬೇಕು. 6720 ಬಗೆ ಸಾಧ್ಯ, ಬೇಜಾರು ಬರುವುದಿಲ್ಲ.

ಸೌಂಡ್ ನನಗೆ ಖರ್ಚು ಅನಿಸುವುದಿಲ್ಲ, ಆದರೆ ಚಫ್ (ಉಗಿ ಹೊರಬರುವ ಛಕ್ ಶಬ್ದ) ಸರಿ ಕೂಡಿಸಬೇಕು. ಎರಡು ಸಿಲಿಂಡರ್ ಎಂಜಿನ್‌ಗೆ ಗಾಲಿಯ ಒಂದು ಸುತ್ತಿಗೆ 4 ಚಫ್. ಗಂಟೆಗೆ 8 ಕಿಲೋಮೀಟರ್‌ನಲ್ಲಿ ಸೆಕೆಂಡಿಗೆ ಎರಡಕ್ಕಿಂತ ಚೂರು ಜಾಸ್ತಿ. ಸೀಟಿಗೂ ಪದ್ಧತಿ ಇತ್ತು: ನಿಂತಾಗ ಮೂರು ಗಿಡ್ಡ ಸೀಟಿ ಅಂದ್ರೆ ಹಿಂದಕ್ಕೆ ಹೊರಟಿದ್ದೇನೆ, ಎರಡು ಉದ್ದ ಅಂದ್ರೆ ಬ್ರೇಕ್ ಬಿಟ್ಟು ಮುಂದಕ್ಕೆ. ಸ್ಪೀಕರ್ ಟೆಂಡರ್‌ನಲ್ಲಿ ಕಲ್ಲಿದ್ದಲಿನ ಕೆಳಗೆ ಹಾಕುವುದು ರೂಢಿ, ಆದರೆ ನಿಮ್ಮದು ಇಳಿಜಾರಿನ ಟೆಂಡರ್ ಆದರೆ ಜಾಗ ಕಮ್ಮಿ. ಕೀಪ್-ಅಲೈವ್ ಕೂಡ ಅಲ್ಲೇ ಹೋಗಬೇಕಲ್ವಾ? ಮೊದಲು ಟೆಂಡರ್ ಬಿಚ್ಚಿ ಒಳಗಿನ ಉದ್ದ, ಅಗಲ, ಎತ್ತರ ಅಳೆದು ಇಲ್ಲಿ ಹಾಕಿ. ಆಮೇಲೆ ಯಾವ ಸ್ಪೀಕರ್ ಅಂತ ಹೇಳುತ್ತೇನೆ.