ಕರ್ಮಿಟ್ ಕಪ್ಪೆಯನ್ನು ಮನೆಯಲ್ಲೇ ಹೊಲಿಯಬಹುದೇ? ಗೊಂಬೆ ತಯಾರಕರಿಗೆ ಕೆಲವು ಪ್ರಶ್ನೆಗಳು

ಪ್ರಶ್ನೆ (ದಾವಣಗೆರೆಯಿಂದ):
ನಮಸ್ಕಾರ ಸರ್. ಮಪೆಟ್ ಎಂಬ ಅಮೆರಿಕದ ಟಿವಿ ಗೊಂಬೆಗಳ ವಿಡಿಯೊಗಳನ್ನು ನೋಡಿ ನೋಡಿ ನನ್ನ ಮಗಳಿಗೆ ಕರ್ಮಿಟ್ ಕಪ್ಪೆ ಮನೆಯವರಿಗಿಂತ ಹತ್ತಿರದವನಾಗಿಬಿಟ್ಟಿದ್ದಾನೆ. ಹುಟ್ಟುಹಬ್ಬಕ್ಕೆ ಬಾಯಿ ಆಡಿಸುವಂಥ ಕರ್ಮಿಟ್ ಮಾಡಿಕೊಡಬೇಕೆಂದಿದ್ದೇನೆ. ರವಿಕೆ, ಲಂಗ ಹೊಲಿದು ಅಭ್ಯಾಸವಿದೆ, ಗೊಂಬೆ ಮಾಡಿದವಳಲ್ಲ. ಸೋಫಾ ಕೆಲಸದ ಅಂಗಡಿಯಿಂದ ಅರ್ಧ ಇಂಚಿನ ಸ್ಪಂಜ್, ಜೊತೆಗೆ ಹಸಿರು ಫ್ಲೀಸ್ (ಮೆತ್ತನೆಯ ನವಿರುಳ್ಳ) ಬಟ್ಟೆ ತಂದಿಟ್ಟಿದ್ದೇನೆ. ತಲೆಯನ್ನು ಸ್ಪಂಜಿನಿಂದ ಕಟ್ಟಿ ಮೇಲೆ ಬಟ್ಟೆ ಹೊದಿಸಿದರೆ ಸರಿಯೇ? ಮೊದಲ ಸಲ ಮಾಡುವವರಿಂದ ಆಗುವ ಕೆಲಸವೇ ಇದು?

ಉತ್ತರ:
ಆಗುತ್ತದೆ ಮೇಡಂ. ರವಿಕೆಯ ತೋಳನ್ನು ಸುಕ್ಕಿಲ್ಲದೆ ಕೂರಿಸುವವರಿಗೆ ಕರ್ಮಿಟ್ ದೊಡ್ಡ ಮಾತಲ್ಲ. ಆದರೆ ಆ ಸ್ಪಂಜನ್ನು ಸದ್ಯಕ್ಕೆ ಅಟ್ಟದ ಮೇಲಿಡಿ. ಹೊಸಬರು ಎಡವುವುದು ಇಲ್ಲೇ. ಮಪೆಟ್ ಎಂದರೆ ಸ್ಪಂಜ್ ಎಂದುಕೊಂಡು ತಲೆಯನ್ನು ಗಟ್ಟಿಯಾಗಿ ಕಟ್ಟುತ್ತಾರೆ. ಕಪಾಟಿನಲ್ಲಿಟ್ಟರೆ ಚೆನ್ನಾಗಿ ಕಾಣುತ್ತದೆ. ಕೈ ಹಾಕಿದರೆ ಬಾಯಿ ತೆರೆದು ಮುಚ್ಚುತ್ತದೆ, ಮುಖದಲ್ಲಿ ಬೇರೇನೂ ಆಗುವುದಿಲ್ಲ. ಕರ್ಮಿಟ್‌ನ ತಲೆಯೊಳಗೆ ಹೆಚ್ಚೇನೂ ಇಲ್ಲ: ಬಟ್ಟೆ, ಅದರೊಳಗೆ ಆಡಿಸುವವರ ಕೈ. ಬೆರಳು ಮಡಚಿದರೆ ಮೂತಿ ಸೊಟ್ಟಗಾಗುತ್ತದೆ, ಗೆಣ್ಣು ಎತ್ತಿದರೆ ಹಣೆ ಉಬ್ಬುತ್ತದೆ, ಮುಷ್ಟಿ ಬಿಗಿದರೆ ಇಡೀ ಮುಖ ಹುಣಸೆಕಾಯಿ ಕಚ್ಚಿದವರಂತೆ ಮುದುಡುತ್ತದೆ. ಜನ ಅವನನ್ನು ಅಷ್ಟು ಹಚ್ಚಿಕೊಂಡದ್ದು ಆ ಮುದುಡುವ ಮುಖಕ್ಕೇ ಎಂಬುದು ನನ್ನ ಲೆಕ್ಕ.

ಅವನು ಹುಟ್ಟಿದ್ದೂ ಮನೆಯ ಹಳೆ ಬಟ್ಟೆಯಿಂದಲೇ. 1955ರಲ್ಲಿ, ಮಪೆಟ್‌ಗಳನ್ನು ಹುಟ್ಟುಹಾಕಿದ, ಆಗಿನ್ನೂ ಹದಿಹರೆಯದ ಜಿಮ್ ಹೆನ್ಸನ್ ವಾಷಿಂಗ್ಟನ್ನಿನ ಸ್ಥಳೀಯ ಟಿವಿ ಕಾರ್ಯಕ್ರಮ ‘ಸ್ಯಾಮ್ ಅಂಡ್ ಫ್ರೆಂಡ್ಸ್’ಗಾಗಿ, ತಾಯಿ ಉಟ್ಟು ಬಿಟ್ಟಿದ್ದ ಕೋಟನ್ನು ಕತ್ತರಿಸಿ, ಪಿಂಗ್‌ಪಾಂಗ್ ಚೆಂಡನ್ನು ಹೋಳು ಮಾಡಿ ಕಣ್ಣಿಟ್ಟು ಮೊದಲ ಕರ್ಮಿಟ್ ಮಾಡಿದರು. ಆಗ ಅದು ಕಪ್ಪೆಯೂ ಆಗಿರಲಿಲ್ಲ, ಹಲ್ಲಿಯ ಜಾತಿಯ ಏನೋ ಒಂದು ಪ್ರಾಣಿ. ಕೊರಳಿನ ಮೊನಚು ಪಟ್ಟಿ ಆಮೇಲೆ ಬಂತು. ಆ ಮೊದಲ ಗೊಂಬೆ ಈಗ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನು ಕೆಲಸಕ್ಕೆ ಬರೋಣ. ಪಾತ್ರ ನೇರ ಎದುರಿಗೆ ನಿಂತ ಒಂದು ಚಿತ್ರ, ಪಕ್ಕಕ್ಕೆ ತಿರುಗಿದ ಒಂದು ಚಿತ್ರ ಆರಿಸಿಕೊಳ್ಳಿ. ತೀರ ಹತ್ತಿರದಿಂದ ತೆಗೆದದ್ದು ಬೇಡ, ಮೂಗಿನ ಭಾಗ ಊದಿಕೊಂಡು ಕಾಣುತ್ತದೆ. ಕಣ್ಣಿನ ಅಗಲವನ್ನೇ ಅಳತೆಗೋಲು ಮಾಡಿಕೊಂಡು, ತಲೆ ಎಷ್ಟು ಕಣ್ಣಗಲ, ಬಾಯಿ ಎಷ್ಟು ಕಣ್ಣಗಲ ಎಂದು ಬರೆದುಕೊಳ್ಳಿ. ಈಗಿನ ಟೇಬಲ್ ಟೆನಿಸ್ ಚೆಂಡಿನ ವ್ಯಾಸ 40 ಮಿ.ಮೀ. ಅದನ್ನೇ ಕಣ್ಣಿಗೆ ಬಳಸುವಿರಾದರೆ ಉಳಿದ ಅಳತೆಗಳೆಲ್ಲ ತಾವಾಗಿಯೇ ಸಿಗುತ್ತವೆ. ಬಂದ ಅಳತೆಯಲ್ಲಿ ನಿಮ್ಮ ಕೈ ಹಿಡಿಸುತ್ತದೆಯೇ ನೋಡಿ. ಹಿಡಿಸದಿದ್ದರೆ ಚಿತ್ರದ ಮಾತು ಬಿಟ್ಟು ಕೈಯ ಮಾತು ಕೇಳಿ; ಗೊಂಬೆ ಬಿಗಿಯಾದರೆ ಆಡಿಸಲು ಬರುವುದಿಲ್ಲ.

ಮೊದಲು ಹಳೆಯ ಟೀ ಶರ್ಟ್ ಕತ್ತರಿಸಿ ಒಂದು ಕರಡು ತಲೆ ಹೊಲಿಯಿರಿ. ಫ್ಲೀಸ್ ಬಟ್ಟೆಯನ್ನು ಎರಡೂ ದಿಕ್ಕಿಗೆ ಎಳೆದು ನೋಡಿ, ಒಂದು ಕಡೆ ಹೆಚ್ಚು ಹಿಗ್ಗುತ್ತದೆ. ಆ ದಿಕ್ಕು ಮುಖದ ಅಡ್ಡಕ್ಕೆ ಬರಲಿ. ವೃತ್ತಿಪರರು ಬಳಸುವುದು ಆಂಟ್ರಾನ್ ಫ್ಲೀಸ್ ಎಂಬ ನೈಲಾನ್ ಬಟ್ಟೆ, ಅದಕ್ಕೆ ಬೇಕಾದ ಬಣ್ಣ ಹಾಕಿಕೊಳ್ಳಬಹುದು. ಅಂಗಡಿಯ ಫ್ಲೀಸ್ ಸಾಮಾನ್ಯವಾಗಿ ಪಾಲಿಯೆಸ್ಟರ್, ಹತ್ತಿಗೆ ಹಾಕುವ ಬಣ್ಣ ಅದಕ್ಕೆ ಹತ್ತುವುದಿಲ್ಲ. ಹಸಿರು ಒಂದಿಷ್ಟು ಆಚೀಚೆ ಇದ್ದರೂ ಮಗಳು ಕ್ಷಮಿಸುತ್ತಾಳೆ.

ಬಾಯಿಯ ಒಳತಟ್ಟೆಗೆ ಪುಸ್ತಕ ಕಟ್ಟುವವರ ದಪ್ಪ ರಟ್ಟು ಅಥವಾ ಚಪ್ಪಲಿ ರಿಪೇರಿಯವರ ಬಳಿ ಸಿಗುವ ತೆಳು ರಬ್ಬರ್ ಹಾಳೆ ಸಾಕು. ಎರಡು ಅರ್ಧಗಳ ನಡುವೆ ಗಟ್ಟಿ ಬಟ್ಟೆಯ ಪಟ್ಟಿ ಅಂಟಿಸಿದರೆ ಕೀಲು ಸಿದ್ಧ. ಹಿಂದೆ ಎಲಾಸ್ಟಿಕ್ ಪಟ್ಟಿ ಹೊಲಿಯಿರಿ, ಬೆರಳು ಜಾರುವುದಿಲ್ಲ. ಅಂಟಿಗೆ ಫೆವಿಕಾಲ್ ಎಸ್‌ಆರ್ ಥರದ್ದು ತನ್ನಿ: ಎರಡೂ ಮೈಗೆ ತೆಳ್ಳಗೆ ಸವರಿ, ಮುಟ್ಟಿದರೆ ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಹಸಿ ಇರುವಾಗಲೇ ಒತ್ತುವವರೇ ಹೆಚ್ಚು, ಆಮೇಲೆ ಅಂಟು ಸರಿಯಿಲ್ಲ ಎಂದು ಬೈಯುತ್ತಾರೆ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಇರಬಾರದು, ಮಗಳೂ ದೂರವಿರಲಿ.

ಹೊಲಿಗೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನೆತ್ತಿ ಮತ್ತು ಮುಖದ ಮೇಲೆ ಬರುವ ಜೋಡಣೆಗೆ ಮೆಷಿನ್ ಬೇಡ. ಎರಡು ಅಂಚುಗಳನ್ನು ಪಕ್ಕಪಕ್ಕ ಹಿಡಿದು, ಒಳಬದಿಯಿಂದ ಸೂಜಿ ತಂದು, ಒಮ್ಮೆ ಈ ಅಂಚು, ಒಮ್ಮೆ ಆ ಅಂಚು ಎಂದು ಸಣ್ಣ ಸಣ್ಣ ಹೊಲಿಗೆ ಹಾಕಿ, ಕೆಲವು ಹೊಲಿಗೆಗೊಮ್ಮೆ ನೂಲು ಎಳೆಯಿರಿ. ಅಂಚುಗಳು ಒಳಕ್ಕೆ ಮಡಚಿಕೊಂಡು ಒಂದಾಗುತ್ತವೆ. ಮುಗಿದ ಮೇಲೆ ಸೂಜಿಯ ತುದಿಯಿಂದ ಗೆರೆಯ ಉದ್ದಕ್ಕೂ ಬಟ್ಟೆಯ ನವಿರನ್ನು ಮೆಲ್ಲಗೆ ಕೆದಕಿ. ಹೊಲಿಗೆಯೊಳಗೆ ಸಿಕ್ಕಿಕೊಂಡ ನವಿರು ಹೊರಬಂದು ಗೆರೆಯನ್ನು ಮುಚ್ಚುತ್ತದೆ. ಹೆನ್ಸನ್ ಹೊಲಿಗೆ ಎಂದೇ ಇದಕ್ಕೆ ಹೆಸರು. ನಿಧಾನದ ಕೆಲಸ, ಆದರೆ ಮನೆಯ ಗೊಂಬೆ ಟಿವಿಯ ಗೊಂಬೆಯಂತೆ ಕಾಣುವುದು ಇದರಿಂದಲೇ.

ಗೊಂಬೆಯ ಕೈಗಳನ್ನು ಆಡಿಸಲು ಹಳೆಯ ಕೊಡೆಯ ಕಡ್ಡಿ ಬಳಸಿ, ಮಿರುಗದ ಕಪ್ಪು ಬಣ್ಣ ಬಳಿದು ಮಣಿಕಟ್ಟಿನ ಬಳಿ ಕಟ್ಟಿ. ತುದಿಗಳು ಚುಚ್ಚದಂತೆ ಮಡಚುವುದನ್ನು ಮರೆಯಬೇಡಿ.

ಮರುಪ್ರಶ್ನೆ (ಅವರಿಂದಲೇ, ಕೆಲವು ವಾರಗಳ ನಂತರ):
ಸರ್, ತಲೆ ಆಯಿತು, ನೀವು ಹೇಳಿದ ಹೊಲಿಗೆ ನಿಜಕ್ಕೂ ಮಾಯವಾಯಿತು! ಆದರೆ ಕಣ್ಣು ಇಟ್ಟ ಮೇಲೆ ಅವನು ಎಲ್ಲೋ ನೋಡುತ್ತಾ ಕುಳಿತಿದ್ದಾನೆ. ಕರ್ಮಿಟ್ ಅಲ್ಲ, ಅವನ ದೂರದ ಸಂಬಂಧಿಯ ಹಾಗಿದ್ದಾನೆ.

ಉತ್ತರ:
ಕಣ್ಣಿನ ಕಪ್ಪು ಪಾಪೆಯನ್ನು ಚೆಂಡಿನ ನಟ್ಟನಡುವೆ ಇಟ್ಟಿದ್ದೀರಿ, ಅಲ್ಲವೇ? ಹಾಗಿಟ್ಟರೆ ಎರಡು ಕಣ್ಣೂ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಎರಡನ್ನೂ ತುಸು ಮೂಗಿನ ಕಡೆಗೆ ತನ್ನಿ. ಹತ್ತಿರದಿಂದ ಮೆಳ್ಳಗಣ್ಣು ಅನ್ನಿಸುತ್ತದೆ, ಆರಡಿ ದೂರದಿಂದ ನಿಮ್ಮನ್ನೇ ನೋಡುತ್ತಾನೆ. ಹೆನ್ಸನ್ ಜೊತೆ ಗೊಂಬೆ ಕಟ್ಟುತ್ತಿದ್ದ ಡಾನ್ ಸಾಲಿನ್ ಕಣ್ಣು ಮತ್ತು ಮೂಗು ಸೇರಿ ಆಗುವ ತ್ರಿಕೋನದ ಮೇಲೆಯೇ ಮುಖವನ್ನು ನಿಲ್ಲಿಸುತ್ತಿದ್ದರು, ಕಣ್ಣಿನ ಜಾಗವನ್ನು ಕೊನೆಗೇ ತೀರ್ಮಾನಿಸುತ್ತಿದ್ದರು.

ಕರ್ಮಿಟ್‌ನ ಕಣ್ಣಿನ ಪಾಪೆ ಬರೀ ಚುಕ್ಕೆಯಲ್ಲ, ಕಪ್ಪು ವೃತ್ತದ ಎರಡೂ ಬದಿಗೆ ಗೆರೆ ಚಾಚಿಕೊಂಡಿರುತ್ತದೆ. ವಾಹನಗಳಿಗೆ ಸ್ಟಿಕರ್ ಕತ್ತರಿಸುವ ಅಂಗಡಿಯಲ್ಲಿ ಕಪ್ಪು ಸ್ಟಿಕರ್ ತುಂಡು ತನ್ನಿ. ಮಾರ್ಕರ್ ಹರಡಬಹುದು. ಸ್ಟಿಕರಿನ ಕಾಗದ ಬಿಚ್ಚದೆ ಎರಡೂ ಕಡೆ ಅಂಟುವ ಟೇಪಿನಿಂದ ತಾತ್ಕಾಲಿಕವಾಗಿ ಹಚ್ಚಿ, ಕೈಗೆ ಹಾಕಿಕೊಂಡು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ತೆಗೆಯಿರಿ. ಚೆಂಡಿನ ಹೊಳಪನ್ನು ನಯವಾದ ಉಜ್ಜುಕಾಗದದಿಂದ ತೆಗೆದುಬಿಡಿ, ಇಲ್ಲವಾದರೆ ಟ್ಯೂಬ್‌ಲೈಟ್ ಬೆಳಕೇ ಕಣ್ಣಿನ ಪಾಪೆಯಾಗುತ್ತದೆ. ಹೊಲಿಯಲು ತೂತು ಬೇಕಾದರೆ ಕಾಯಿಸಿದ ಸೂಜಿ ಖಂಡಿತ ಬೇಡ; ಹಳೆಯ ಚೆಂಡುಗಳು ಸೆಲ್ಯುಲಾಯ್ಡ್‌ನವು, ಭಗ್ಗನೆ ಹೊತ್ತಿಕೊಳ್ಳುತ್ತವೆ.

ಪ್ರಶ್ನೆ (ಮೈಸೂರಿನಿಂದ):
ಇದೇ ರೀತಿ ಮಾಡಿ ಮಾರಬಹುದೇ?

ಉತ್ತರ:
ಮಾರಬೇಡಿ. ಮಪೆಟ್ ಪಾತ್ರಗಳು 2004ರಿಂದ ಡಿಸ್ನಿ ಕಂಪನಿಯ ಒಡೆತನದಲ್ಲಿವೆ. ಮನೆಯ ಮಗುವಿಗೆ ಒಂದು ಹೊಲಿದುಕೊಡುವುದು ಬೇರೆ, ಅಂಗಡಿ ತೆರೆಯುವುದು ಬೇರೆ. ಕೈ ಕುದುರಿದ ಮೇಲೆ ನಿಮ್ಮದೇ ಒಂದು ಪಾತ್ರ ಕಟ್ಟಿ, ಅದನ್ನು ಧಾರಾಳವಾಗಿ ಮಾರಿ.

ಪ್ರಶ್ನೆ (ಕುಂದಾಪುರದಿಂದ):
ನಮ್ಮ ಉಪ್ಪಿನಕುದ್ರು ಗೊಂಬೆಯಾಟದ ಹನುಮಂತನನ್ನೂ ಹೀಗೆ ಬಟ್ಟೆಯಲ್ಲಿ ಮಾಡಬಹುದೇ?

ಉತ್ತರ:
ಬಟ್ಟೆಯಲ್ಲಿ ಮಾಡಿದರೆ ಅದು ಹನುಮಂತ ಆಗಬಹುದು, ಉಪ್ಪಿನಕುದ್ರಿನ ಹನುಮಂತ ಆಗುವುದಿಲ್ಲ. ಅದು ಮರ ಕೆತ್ತಿ, ಯಕ್ಷಗಾನದ ವೇಷ ತೊಡಿಸಿ, ಸೂತ್ರದಿಂದ ಆಡಿಸುವ ಗೊಂಬೆ. ಅಲ್ಲಿ ಮುಖ ಮುದುಡುವುದಿಲ್ಲ, ಭಾವವೆಲ್ಲ ನಡೆ ಮತ್ತು ಕುಣಿತದಲ್ಲಿ. ನೀವು ಅಲ್ಲಿಯವರೇ ಆಗಿರುವಾಗ ನನ್ನನ್ನು ಕೇಳುವುದೇಕೆ? ಆಟ ಮುಗಿದ ಮೇಲೆ ತೆರೆಯ ಹಿಂದೆ ಹೋಗಿ, ಅನುಮತಿ ಕೇಳಿ, ಸೂತ್ರಗಳನ್ನು ಎಲ್ಲೆಲ್ಲಿ ಕಟ್ಟಿದ್ದಾರೆ ನೋಡಿ ಬನ್ನಿ. ಆಮೇಲೆ ಇಲ್ಲಿ ಬರೆಯಿರಿ, ನಾನೂ ಕಲಿಯುತ್ತೇನೆ.

ಕೊನೆಯದು (ದಾವಣಗೆರೆಯವರಿಂದ):
ಸರ್, ಈಗ ಅವನು ಅವನೇ! ಮಗಳು ಕೈಯಿಂದ ತೆಗೆಯುತ್ತಿಲ್ಲ, ತಿಂಡಿಯೂ ಅವನ ಜೊತೆಗೇ. ಕೊಳೆಯಾದರೆ ಒಗೆಯಬಹುದೇ? ಅವಳು ಮಾತಾಡಿಸುವಾಗ ಬಾಯಿ ಮಾತಿಗೆ ಹೊಂದುತ್ತಿಲ್ಲ, ಅದಕ್ಕೇನು ಮಾಡಬೇಕು?

ಉತ್ತರ:
ಬಹಳ ಸಂತೋಷ. ನೆನೆಸಬೇಡಿ, ರಟ್ಟು ಕೆಡುತ್ತದೆ. ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಿ. ಮಾತಿನ ವಿಷಯಕ್ಕೆ: ಹೆಬ್ಬೆರಳನ್ನು ಕೆಳಕ್ಕೆ ಇಳಿಸಿ ಬಾಯಿ ತೆರೆಯಲು ಹೇಳಿ, ಮೇಲಿನ ಬೆರಳುಗಳು ಅಲುಗಬಾರದು. ಬಹುಶಃ ಈಗ ಅವು ಅಲುಗಿ ಪ್ರತಿ ಮಾತಿಗೂ ಅವನ ತಲೆ ಹಿಂದಕ್ಕೆ ಹಾರುತ್ತಿದೆ. ಗಡಿಬಿಡಿಯ ಮಾತಿನಲ್ಲಿ ಅಕ್ಷರಕ್ಕೊಂದು ಸಲ ತೆರೆಯಬೇಕಾಗಿಲ್ಲ, ಒತ್ತು ಬೀಳುವಲ್ಲಿ ತೆರೆದರೆ ಸಾಕು. ಕನ್ನಡಿಯ ಮುಂದೆ ನಿಂತು ಮಗ್ಗಿ ಹೇಳಿಸಲಿ. ಕರ್ಮಿಟ್‌ಗೂ ಬರುತ್ತದೆ, ಅವಳಿಗೂ ಬರುತ್ತದೆ.